ಅಂತರಿಕ್ಷದಲ್ಲಿ ಮೊಳೆತ ಹೆಸರುಕಾಳು ಮತ್ತು ಬೇಸಗೆಯ ಎರಡು ತಿಂಗಳು

ಕಾಳನ್ನು ಮೊಳಕೆ ಬರಿಸುವುದು ನಮ್ಮ ಮನೆಗಳಿಗೆ ಹೊಸ ವಿದ್ಯೆಯಲ್ಲ. ಹೆಸರು, ಮಡಕಿ, ಹುರುಳಿ, ಅಲಸಂದೆ, ಯಾವುದಾದರೊಂದನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ಒದ್ದೆಯ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನದ ಹೊತ್ತಿಗೆ ಬೆಳ್ಳನೆಯ ಮೊಳಕೆ ಇಣುಕುತ್ತದೆ. ಕುಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಇದನ್ನು ಕಾಣದ ಮಕ್ಕಳಿಲ್ಲ. ಇಂತಹ ನಿತ್ಯದ ಕೆಲಸವೊಂದು 2025ನೆಯ ಇಸವಿಯಲ್ಲಿ ಭೂಮಿಯಿಂದ ಸುಮಾರು 400 ಕಿಲೋಮೀಟರು ಎತ್ತರದಲ್ಲಿ, ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದೊಳಗೆ, ವಿಜ್ಞಾನದ ಪ್ರಯೋಗವಾಗಿ ನಡೆಯಿತು.

ಆ ವರ್ಷದ ಜೂನ್ 25ರಂದು ಭಾರತೀಯ ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಆಕ್ಸಿಯಂ–4 ಯಾತ್ರೆಯಲ್ಲಿ ಹೊರಟು, ಮರುದಿನ ನಿಲ್ದಾಣವನ್ನು ಸೇರಿ, ಜುಲೈ 15ರಂದು ಭೂಮಿಗೆ ಹಿಂದಿರುಗಿದರು. ಅವರೊಡನೆ ಭಾರತದ ಏಳು ಪ್ರಯೋಗಗಳು ಹೋಗಿದ್ದವು. ಅವುಗಳಲ್ಲೊಂದು ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಮೊಳೆಯಿಸುವುದು. ಇದರ ಯೋಜನೆ ಸಿದ್ಧವಾದುದು ಧಾರವಾಡದಲ್ಲಿ. ಅಲ್ಲಿಯ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಡಾ. ರವಿಕುಮಾರ ಹೊಸಮನಿ ಹಾಗೂ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಡಾ. ಸುಧೀರ್ ಸಿದ್ದಾಪುರೆಡ್ಡಿ ಅವರು ಇದರ ಹೊಣೆ ಹೊತ್ತವರು. ಉಳಿದವುಗಳ ಪೈಕಿ ಮೂರು ಬೆಂಗಳೂರಿನವು: ಭಾರತೀಯ ವಿಜ್ಞಾನ ಸಂಸ್ಥೆಯಿಂದ ಎರಡು, ಇನ್‌ಸ್ಟೆಮ್ ಸಂಸ್ಥೆಯಿಂದ ಒಂದು. ಎಂದರೆ, ಏಳರಲ್ಲಿ ನಾಲ್ಕು ನಮ್ಮ ರಾಜ್ಯದಿಂದಲೇ ಹೋದಂತಾಯಿತು.

ಅಂತರಿಕ್ಷ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಕ್ಷಿಪಣಿ, ಉಪಗ್ರಹ, ದೂರದರ್ಶಕಗಳ ಕಡೆಗೆ ಓಡುತ್ತದೆ. ಇವೆಲ್ಲ ದೊಡ್ಡ ನಗರಗಳಲ್ಲಿರುವವರ ಪಾಲಿನವು ಎಂಬ ಭಾವನೆಯೂ ಅದರ ಬೆನ್ನಿಗೇ ಬರುತ್ತದೆ. ಆದರೆ ಅಂತರಿಕ್ಷ ಜೀವವಿಜ್ಞಾನ ಎಂಬ ಶಾಖೆಯ ಮುಖ್ಯ ಪ್ರಶ್ನೆಗಳಲ್ಲಿ ಕೆಲವನ್ನು ಒಂದು ಹಿಡಿ ಕಾಳು, ಒಂದು ತಿರುಗುವ ಹಲಗೆ, ಒಂದು ಕೋನಮಾಪಕ ಇವುಗಳಿಂದಲೇ ಕೇಳಬಹುದು. ಹಾಗೆ ಕೇಳುವ ಕ್ರಮವನ್ನು ಕಲಿಸುವುದಕ್ಕೆಂದೇ ಬೇಸಗೆಯ ಸಂಶೋಧನ ಶಿಕ್ಷಣಗಳು ಏರ್ಪಟ್ಟಿವೆ. ಆ ಪ್ರಶ್ನೆ ಏನು, ಆ ಶಿಕ್ಷಣ ಎಂತಹುದು, ನಮ್ಮ ಭಾಗದ ವಿದ್ಯಾರ್ಥಿಗಳು ಅದನ್ನು ಪಡೆಯುವ ದಾರಿ ಯಾವುದು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ತೂಕ ಹೋಗುವುದೆಲ್ಲಿಗೆ?

ನಿಲ್ದಾಣದಲ್ಲಿ ಮನುಷ್ಯರೂ ವಸ್ತುಗಳೂ ತೇಲುವುದನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿದ್ದಾರೆ. ಅಷ್ಟು ಎತ್ತರದಲ್ಲಿ ಭೂಮಿಯ ಆಕರ್ಷಣೆ ಇಲ್ಲವಾದುದರಿಂದ ಹೀಗಾಗುತ್ತದೆ ಎಂದು ಹಲವರು ತಿಳಿದಿರುವುದುಂಟು. ಲೆಕ್ಕ ಮಾಡಿ ನೋಡೋಣ. ಭೂಮಿಯ ತ್ರಿಜ್ಯ ಸುಮಾರು 6,371 ಕಿಲೋಮೀಟರು; ನಿಲ್ದಾಣದ ಕಕ್ಷೆಯ ತ್ರಿಜ್ಯ ಸುಮಾರು 6,771 ಕಿಲೋಮೀಟರು. ಆಕರ್ಷಣೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆಂಬ ನ್ಯೂಟನ್ನನ ನಿಯಮದಂತೆ, ಅಲ್ಲಿಯ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 8.7 ಮೀಟರು. ನೆಲದ ಮೇಲೆ ಅದು 9.8. ನೂರಕ್ಕೆ ಸುಮಾರು 89ರಷ್ಟು ಆಕರ್ಷಣೆ ಅಲ್ಲಿಯೂ ಉಳಿದಿದೆ.

ಹಾಗಿದ್ದರೆ ತೇಲುವುದೇಕೆ? ನಿಲ್ದಾಣವು ಸೆಕೆಂಡಿಗೆ ಸುಮಾರು 7.7 ಕಿಲೋಮೀಟರು ವೇಗದಿಂದ ಮುಂದಕ್ಕೆ ಧಾವಿಸುತ್ತ, ಅದೇ ಕಾಲದಲ್ಲಿ ಭೂಮಿಯ ಕಡೆಗೆ ಬೀಳುತ್ತಲೂ ಇದೆ. ಅದರೊಳಗಿನ ಮನುಷ್ಯ, ನೀರು, ಕಾಳು ಎಲ್ಲವೂ ಒಂದೇ ಬಗೆಯಾಗಿ ಬೀಳುತ್ತಿವೆ. ಬಾವಿಯೊಳಕ್ಕೆ ಬೀಳುತ್ತಿರುವ ಕೊಡವೂ ಅದರೊಳಗಿನ ನೀರೂ ಒಂದನ್ನೊಂದು ಒತ್ತದಿರುವಂತೆ, ಒಟ್ಟಿಗೆ ಬೀಳುವ ವಸ್ತುಗಳು ಒಂದರ ಮೇಲೊಂದು ಭಾರ ಹಾಕುವುದಿಲ್ಲ. ಭಾರವೆಂದರೆ ನಮ್ಮನ್ನು ನೆಲ ಮೇಲಕ್ಕೆ ಒತ್ತುವ ಬಲದ ಅನುಭವ. ಒತ್ತುವ ನೆಲವೇ ಇಲ್ಲದಾಗ ಭಾರದ ಅನುಭವವೂ ಇಲ್ಲ. ಈ ಸ್ಥಿತಿಗೆ ಸೂಕ್ಷ್ಮಗುರುತ್ವ ಎಂದು ಹೆಸರು.

ಜೀವಿಗಳ ದೃಷ್ಟಿಯಿಂದ ಇದು ಬಹು ದೊಡ್ಡ ಬದಲಾವಣೆ. ಬೆಳಕು, ಶಾಖ, ತೇವ, ಗಾಳಿಯ ರಚನೆ ಇವೆಲ್ಲವೂ ಭೂಮಿಯ ಚರಿತ್ರೆಯಲ್ಲಿ ಹೆಚ್ಚುಕಡಿಮೆಯಾಗಿವೆ. ಗುರುತ್ವ ಮಾತ್ರ ಜೀವ ಹುಟ್ಟಿದಂದಿನಿಂದ ಇಂದಿನವರೆಗೆ ಹೆಚ್ಚುಕಡಿಮೆ ಒಂದೇ ಸಮನಾಗಿದೆ. ಅದು ಇಲ್ಲವಾದರೆ ಏನಾಗುತ್ತದೆಂಬುದನ್ನು ಯಾವ ಸಸ್ಯವೂ ಪ್ರಾಣಿಯೂ ಹಿಂದೆಂದೂ ಎದುರಿಸಿರಲಿಲ್ಲ.

ಬೇರು ಕೆಳಗನ್ನು ಅರಿಯುವ ಬಗೆ

ಬಿತ್ತುವಾಗ ರೈತನು ಬೀಜದ ತಲೆ ಬುಡ ನೋಡುವುದಿಲ್ಲ. ಕೂರಿಗೆಯ ತಾಳಿನಿಂದ ಬೀಜ ಹೇಗೆ ಬಿದ್ದರೂ ಬೇರು ಕೆಳಕ್ಕೆ ಇಳಿಯುತ್ತದೆ, ಮೊಳಕೆ ಮೇಲಕ್ಕೆ ಬರುತ್ತದೆ. ಮಣ್ಣಿನೊಳಗಿನ ಕತ್ತಲಲ್ಲಿ ಬೀಜಕ್ಕೆ ಮೇಲು ಕೆಳಗು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಮೊದಲ ಸ್ಪಷ್ಟ ಉತ್ತರ ಕೊಟ್ಟವನು ಇಂಗ್ಲೆಂಡಿನ ತೋಟಗಾರಿಕೆಯ ಪಂಡಿತ ಥಾಮಸ್ ಆಂಡ್ರೂ ನೈಟ್. ಅವನು 1806ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಮಾದರಿಯಾಗಿದೆ. ತನ್ನ ತೋಟದಲ್ಲಿ ಹರಿಯುವ ತೊರೆಯ ನೀರಿನಿಂದ ಒಂದು ಚಿಕ್ಕ ಚಕ್ರವನ್ನು ತಿರುಗಿಸಿ, ಅದರ ಅಂಚಿಗೆ ನೆನೆಸಿದ ಅವರೆಯ ಜಾತಿಯ ಬೀಜಗಳನ್ನು ಕಟ್ಟಿದನು. ಚಕ್ರದ ವ್ಯಾಸ 11 ಅಂಗುಲ. ಲಂಬವಾಗಿ ನಿಲ್ಲಿಸಿದ ಚಕ್ರವು ನಿಮಿಷಕ್ಕೆ 150 ಸುತ್ತು ತಿರುಗಿದಾಗ ಬೇರುಗಳೆಲ್ಲ ಹೊರಮುಖವಾಗಿಯೂ ಮೊಳಕೆಗಳೆಲ್ಲ ಚಕ್ರದ ನಡುವಿನ ಕಡೆಗೂ ಬೆಳೆದುವು. ಬಳಿಕ ಚಕ್ರವನ್ನು ಅಡ್ಡಲಾಗಿ ಮಲಗಿಸಿ ತಿರುಗಿಸಿದನು. ನಿಮಿಷಕ್ಕೆ 250 ಸುತ್ತು ಇದ್ದಾಗ ಬೇರುಗಳು ಲಂಬರೇಖೆಯಿಂದ ಸುಮಾರು 80 ಡಿಗ್ರಿ ವಾಲಿ ಹೆಚ್ಚುಕಡಿಮೆ ಅಡ್ಡಕ್ಕೆ ಹೋದುವು. 80 ಸುತ್ತಿಗೆ ಇಳಿಸಿದಾಗ ವಾಲಿಕೆ ಸುಮಾರು 45 ಡಿಗ್ರಿಯಾಯಿತು.

ಭೌತವಿಜ್ಞಾನದ ವಿದ್ಯಾರ್ಥಿಗಳು ಈ ಅಂಕಿಗಳನ್ನು ತಾವೇ ಪರೀಕ್ಷಿಸಬಹುದು. ತಿರುಗುವ ವಸ್ತುವಿನ ಮೇಲೆ ಹೊರಮುಖವಾಗಿ ತೋರುವ ವೇಗೋತ್ಕರ್ಷವು ಕೋನವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದಷ್ಟು. ತ್ರಿಜ್ಯ ಐದೂವರೆ ಅಂಗುಲ, ಎಂದರೆ 0.14 ಮೀಟರು. ನಿಮಿಷಕ್ಕೆ 80 ಸುತ್ತಾದರೆ ಕೋನವೇಗ ಸೆಕೆಂಡಿಗೆ 8.4 ರೇಡಿಯನ್. ವರ್ಗಮಾಡಿ ಗುಣಿಸಿದರೆ 9.8 ಬರುತ್ತದೆ. ಇದು ಭೂಮಿಯ ಗುರುತ್ವದಷ್ಟೇ! ಒಂದೇ ಪ್ರಮಾಣದ ಎರಡು ಎಳೆತಗಳು, ಒಂದು ಕೆಳಕ್ಕೆ, ಒಂದು ಹೊರಕ್ಕೆ. ಬೇರು ಅವೆರಡರ ನಡುವೆ, ಸರಿಯಾಗಿ 45 ಡಿಗ್ರಿಯಲ್ಲಿ ಇಳಿಯಿತು. 250 ಸುತ್ತಿಗೆ ಲೆಕ್ಕವು 84 ಡಿಗ್ರಿ ಎನ್ನುತ್ತದೆ. ನೈಟ್ ಕಂಡುದು ಸುಮಾರು 80. ಗಿಡದ ಬೇರು ಬಲಗಳ ಸಮಾಂತರ ಚತುರ್ಭುಜವನ್ನು ನಮ್ಮ ಪಠ್ಯಪುಸ್ತಕದಂತೆಯೇ ಪಾಲಿಸುತ್ತದೆ ಎಂಬುದು ಇದರಿಂದ ಸ್ಥಿರಪಟ್ಟಿತು. ಗುರುತ್ವಕ್ಕೂ ತಿರುಗುವಿಕೆಯ ಎಳೆತಕ್ಕೂ ಬೇರು ಭೇದವೆಣಿಸುವುದಿಲ್ಲ.

ಮುಂದೆ 1880ರಲ್ಲಿ ಚಾರ್ಲ್ಸ್ ಡಾರ್ವಿನ್ನನು ತನ್ನ ಮಗ ಫ್ರಾನ್ಸಿಸನೊಡನೆ ಮಾಡಿದ ಅಭ್ಯಾಸಗಳಿಂದ, ಗುರುತ್ವದ ಅರಿವು ಇರುವುದು ಬೇರಿನ ತುದಿಯಲ್ಲಿ ಎಂದು ಕಂಡುಬಂದಿತು. ತುದಿಯನ್ನು ಕತ್ತರಿಸಿದ ಬೇರು ಬೆಳೆದರೂ ಬಾಗುವುದಿಲ್ಲ. ಈಗ ತಿಳಿದಿರುವಂತೆ, ಬೇರಿನ ತುದಿಯನ್ನು ಮುಚ್ಚಿರುವ ಟೋಪಿಯಂತಹ ಭಾಗದ ನಡುವಣ ಜೀವಕೋಶಗಳಲ್ಲಿ ಪಿಷ್ಟದ ಭಾರವಾದ ಕಣಗಳಿವೆ. ಬೇರನ್ನು ಅಡ್ಡ ಮಲಗಿಸಿದರೆ ಈ ಕಣಗಳು ಕೆಲವೇ ನಿಮಿಷಗಳಲ್ಲಿ ಕೋಶದ ಹೊಸ ಕೆಳಮಗ್ಗುಲಿಗೆ ಜಾರಿ ಕೂರುತ್ತವೆ. ಒಡನೆಯೇ ಆಕ್ಸಿನ್ ಎಂಬ ಬೆಳವಣಿಗೆಯ ರಸ ಕೆಳಮಗ್ಗುಲಿಗೆ ಹೆಚ್ಚಾಗಿ ಹರಿಯುತ್ತದೆ. ಬೇರಿನಲ್ಲಿ ಆಕ್ಸಿನ್ ಹೆಚ್ಚಾದರೆ ಕೋಶಗಳ ನೀಳ ಬೆಳವಣಿಗೆ ತಗ್ಗುವುದರಿಂದ ಮೇಲ್ಮಗ್ಗುಲು ಹೆಚ್ಚು ಬೆಳೆದು ಬೇರು ಕೆಳಕ್ಕೆ ಬಾಗುತ್ತದೆ. ಕಾಂಡದಲ್ಲಿ ಅದೇ ಆಕ್ಸಿನ್ ಬೆಳವಣಿಗೆಯನ್ನು ಹೆಚ್ಚಿಸುವುದರಿಂದ ಕಾಂಡ ಮೇಲಕ್ಕೆ ಬಾಗುತ್ತದೆ.

ಇದು ಕೇವಲ ಕುತೂಹಲದ ವಿಷಯವೆಂದು ಬಗೆಯಬಾರದು. ಬೇರು ಎಷ್ಟು ಕಡಿದಾಗಿ ಇಳಿಯುತ್ತದೆ ಎಂಬುದರ ಮೇಲೆ, ಮಳೆ ಕೈಕೊಟ್ಟಾಗ ಬೆಳೆ ಉಳಿಯುವುದೇ ಒಣಗುವುದೇ ಎಂಬುದು ಬಹುಮಟ್ಟಿಗೆ ನಿಂತಿದೆ. ಬತ್ತದಲ್ಲಿ ಡಿಆರ್‌ಓ–1 ಎಂಬ ಒಂದು ಜೀನನ್ನು ಜಪಾನಿನ ವಿಜ್ಞಾನಿಗಳು ಗುರುತಿಸಿ 2013ರಲ್ಲಿ ಪ್ರಕಟಿಸಿದರು. ಅದು ಆಕ್ಸಿನ್ನಿನ ಪ್ರಭಾವಕ್ಕೆ ಒಳಪಟ್ಟು, ಗುರುತ್ವಕ್ಕೆ ಬೇರು ಬಾಗುವ ಪ್ರಮಾಣವನ್ನು ಬದಲಿಸುತ್ತದೆ. ಅದನ್ನು ಹೊಂದಿದ ಗಿಡದ ಬೇರುಗಳು ಆಳಕ್ಕೆ ಇಳಿದು, ನೀರಿನ ಅಭಾವದಲ್ಲಿಯೂ ಹೆಚ್ಚು ಫಸಲು ಕೊಟ್ಟುವು. ಮಸಾರಿ ಹೊಲದಲ್ಲಿ ಜೋಳ, ಸಜ್ಜೆ, ನವಣೆ, ಶೇಂಗಾ ಬಿತ್ತಿ ಆಕಾಶ ನೋಡುವ ಕುಡ್ಲಿಗಿ, ಕೊಟ್ಟೂರು ಸೀಮೆಯವರಿಗೆ ಇದಕ್ಕಿಂತ ಹತ್ತಿರದ ವಿಷಯ ಬೇರೆ ಯಾವುದಿದ್ದೀತು?

ನೆಲದಿಂದ ಮೇಲೆ ನಡೆದುದು

ಗಿಡಗಳನ್ನು ಅಂತರಿಕ್ಷದಲ್ಲಿ ಬೆಳೆಸುವ ಯತ್ನ ಅರ್ಧಶತಮಾನಕ್ಕೂ ಹಳೆಯದು. 1982ರಲ್ಲಿ ಸೋವಿಯೆತ್ ರಷ್ಯದ ಸಾಲ್ಯುತ್–7 ನಿಲ್ದಾಣದಲ್ಲಿ ಸಾಸುವೆಯ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡ ಹೂ ಬಿಟ್ಟು ಬೀಜ ಕಟ್ಟಿತು. 2015ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ನಿಲ್ದಾಣದ ಯಾತ್ರಿಕರು ತಾವು ಬೆಳೆಸಿದ ಲೆಟ್ಯೂಸ್ ಸೊಪ್ಪನ್ನು ತಿಂದರು. ಭಾರತವೂ ಹಿಂದುಳಿಯಲಿಲ್ಲ. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ–ಸಿ60 ವಾಹನದ ಕೊನೆಯ ಹಂತವನ್ನು ಕಕ್ಷೆಯಲ್ಲಿಯೇ ಉಳಿಸಿಕೊಂಡು, ಅದರ ಮೇಲೆ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಅಂತರಿಕ್ಷ ಕೇಂದ್ರದವರು ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಎಂಟು ಅಲಸಂದೆ ಬೀಜಗಳನ್ನಿಟ್ಟಿದ್ದರು. ಅವು ನಾಲ್ಕು ದಿನಗಳಲ್ಲಿ ಮೊಳೆತು, ಬಳಿಕ ಎಲೆಯನ್ನೂ ಬಿಟ್ಟುವು. ಅದೇ ವಾಹನದಲ್ಲಿ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ರಚಿಸಿದ ಉಪಕರಣವೊಂದೂ ಇದ್ದಿತು. ಮನುಷ್ಯನ ಕರುಳಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯವು ಸೂಕ್ಷ್ಮಗುರುತ್ವದಲ್ಲಿ ಹೇಗೆ ಬೆಳೆಯುತ್ತದೆಂದು ಅಳೆಯುವುದು ಅದರ ಗುರಿ.

ಧಾರವಾಡದವರು ಮೊಳಕೆಕಾಳನ್ನೇ ಆರಿಸಿಕೊಂಡುದಕ್ಕೆ ಕಾರಣ ಸರಳವಾಗಿದೆ. ಒಣ ಬೀಜ ಹಗುರ, ವರ್ಷಗಟ್ಟಲೆ ಕೆಡದು. ಅದನ್ನು ಮೊಳೆಯಿಸಲು ಮಣ್ಣು ಬೇಡ, ಬೆಳಕು ಬೇಡ, ಕೆಲವು ದಿನಗಳು ಸಾಕು. ಮೊಳೆಯುವಾಗ ಒಣಕಾಳಿನಲ್ಲಿ ಇಲ್ಲದಷ್ಟು ಸಿ ಜೀವಸತ್ವ ಹುಟ್ಟುತ್ತದೆ. ತಿಂಗಳುಗಟ್ಟಲೆ ಪೊಟ್ಟಣದ ಆಹಾರ ತಿನ್ನುವ ಯಾತ್ರಿಕರಿಗೆ ಇದು ತಾಜಾ ಆಹಾರವಾಗಬಲ್ಲುದು. ಆದರೆ ಅಲ್ಲಿ ಮೊಳೆತ ಕಾಳಿನ ಪೋಷಕಾಂಶಗಳು ಇಲ್ಲಿಯಂತೆಯೇ ಇರುತ್ತವೆಯೇ, ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಬದಲಾಗುತ್ತವೆಯೇ ಎಂಬುದನ್ನು ತಿಳಿಯದೆ ಹಾಗೆಂದು ಹೇಳುವಂತಿಲ್ಲ. ಆದುದರಿಂದ ಶುಕ್ಲಾ ಅವರು ಕಾಳುಗಳಿಗೆ ನೀರುಣಿಸಿ, ಮೊಳೆತ ಬಳಿಕ ಅವನ್ನು ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿಟ್ಟರು. ನೆಲದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವುದಕ್ಕಾಗಿ ಈ ಏರ್ಪಾಡು.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಅಂತರಿಕ್ಷದ ಮೊಳಕೆ ನೆಲದ ಮೊಳಕೆಗಿಂತ ಬೇರೆಯಾಗಿ ಕಂಡಿತೆನ್ನೋಣ. ಗುರುತ್ವ ಇಲ್ಲದುದೇ ಕಾರಣವೆಂದು ಕೂಡಲೆ ಹೇಳಬಹುದೇ? ಅಲ್ಲಿ ವಿಕಿರಣ ಹೆಚ್ಚು. ಹೊರಡುವಾಗ ಕಾಳುಗಳು ವಾಹನದ ಕಂಪನವನ್ನು ಸಹಿಸಿವೆ. ಅಲ್ಲಿ ಬಿಸಿಗಾಳಿ ಮೇಲಕ್ಕೇರುವುದಿಲ್ಲವಾದುದರಿಂದ ಬೇರಿನ ಸುತ್ತಲಿನ ಗಾಳಿ ತಾನಾಗಿ ಬದಲಾಗದೆ, ಆಮ್ಲಜನಕದ ಕೊರತೆ ಬೀಳಬಹುದು. ನೀರು ಕೆಳಗೆ ಬಸಿಯದೆ ಕಾಳಿಗೇ ಅಂಟಿಕೊಳ್ಳಬಹುದು. ಇಷ್ಟೆಲ್ಲ ಕಾರಣಗಳಿಂದ ಒಂದನ್ನು ಬೇರ್ಪಡಿಸಬೇಕಾದರೆ ಜೊತೆಜೊತೆಯಾಗಿ ಹೋಲಿಕೆಯ ಪ್ರಯೋಗಗಳು ಬೇಕು: ಅದೇ ಬೀಜ, ಅದೇ ಪೆಟ್ಟಿಗೆ, ಅದೇ ಉಷ್ಣತೆಯಲ್ಲಿ ನೆಲದ ಮೇಲೊಂದು, ಸಾಧ್ಯವಾದರೆ ನಿಲ್ದಾಣದಲ್ಲಿಯೇ ತಿರುಗುವ ಚಕ್ರದ ಮೇಲೆ ಕೃತಕ ಗುರುತ್ವದಲ್ಲಿ ಇನ್ನೊಂದು. ಹೋಲಿಕೆಯ ಜೊತೆಯಿಲ್ಲದ ಪ್ರಯೋಗ ಎಷ್ಟು ಎತ್ತರದಲ್ಲಿ ನಡೆದರೂ ಅದರಿಂದ ತಿಳಿಯುವುದು ಸ್ವಲ್ಪವೇ.

ಬೇಸಗೆಯಲ್ಲಿ ಕಲಿಯುವುದೇನು?

ಈ ವಿವೇಕವನ್ನು ಪಾಠ ಹೇಳಿ ಕಲಿಸುವುದು ಕಷ್ಟ. ಕೈಯಿಂದ ಮಾಡಿಯೇ ಕಲಿಯಬೇಕು. ಇದನ್ನರಿತು ಅಮೆರಿಕದ ನಾಸಾ ಸಂಸ್ಥೆಯವರು ಕ್ಯಾಲಿಫೋರ್ನಿಯದ ಏಮ್ಸ್ ಕೇಂದ್ರದಲ್ಲಿ ಅಂತರಿಕ್ಷ ಜೀವವಿಜ್ಞಾನದ ಶಿಕ್ಷಣವೊಂದನ್ನು ಬೇಸಗೆಯಲ್ಲಿ ಹತ್ತು ವಾರಗಳ ಕಾಲ ನಡೆಸುವ ಏರ್ಪಾಡು ಮಾಡಿದರು. ಪದವಿ ತರಗತಿಯ ವಿದ್ಯಾರ್ಥಿಗಳು ಅಲ್ಲಿ ಒಬ್ಬೊಬ್ಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಒಂದೊಂದು ನಿಜವಾದ ಸಮಸ್ಯೆಯ ಮೇಲೆ ದುಡಿದು, ಕೊನೆಗೆ ತಮ್ಮ ಫಲಿತಾಂಶಗಳನ್ನು ತಿಳಿದವರ ಮುಂದೆ ಮಂಡಿಸುತ್ತಾರೆ. ಧಾರವಾಡದ ಡಾ. ಹೊಸಮನಿಯವರೂ ಹಿಂದೆ ಇದೇ ಏಮ್ಸ್ ಕೇಂದ್ರದಲ್ಲಿ ಸಂಶೋಧಕರಾಗಿದ್ದು, ಅಧಿಕ ಗುರುತ್ವದಲ್ಲಿ ಹಣ್ಣಿನ ನೊಣಗಳ ಶರೀರದಲ್ಲಿ ಆಗುವ ಬದಲಾವಣೆಗಳನ್ನು ಅಭ್ಯಸಿಸಿದವರು. ಅನಂತರ ಧಾರವಾಡದಲ್ಲಿ ಅವರ ತಂಡವು ಗೋದಿಯ ಬೀಜಗಳನ್ನು ವೇಗವಾಗಿ ತಿರುಗಿಸಿ, ಹಲವು ಪಟ್ಟು ಗುರುತ್ವಕ್ಕೆ ಒಳಪಡಿಸಿದರೆ ಬೇರಿನ ಬೆಳವಣಿಗೆ ಹೆಚ್ಚುವುದೆಂದು 2021ರಲ್ಲಿ ಪ್ರಕಟಿಸಿತು. ನೈಟ್‌ನ ಚಕ್ರವೇ ಇಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಂಡಿದೆ ಎನ್ನಬಹುದು.

ನಾಸಾದ ಈ ಶಿಕ್ಷಣ ಅಮೆರಿಕದ ವಿದ್ಯಾರ್ಥಿಗಳಿಗೆಂದು ಏರ್ಪಟ್ಟುದು. ಅದನ್ನು ನಂಬಿ ಕೂರುವುದರಿಂದ ನಮಗೆ ಪ್ರಯೋಜನವಿಲ್ಲ. ಆದರೆ ನಮ್ಮ ದೇಶದಲ್ಲಿಯೇ ಬಾಗಿಲುಗಳು ತೆರೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ದೆಹಲಿ ಮತ್ತು ಪ್ರಯಾಗರಾಜದ ಇನ್ನೆರಡು ಅಕಾಡೆಮಿಗಳೂ ಕೂಡಿ ಬೇಸಗೆಯ ಸಂಶೋಧನ ಶಿಷ್ಯವೇತನಗಳನ್ನು ಕೊಡುತ್ತ ಬಂದಿವೆ. ಆಯ್ಕೆಯಾದವರು ಸುಮಾರು ಎರಡು ತಿಂಗಳು ದೇಶದ ಯಾವುದಾದರೊಂದು ಪ್ರಯೋಗಶಾಲೆಯಲ್ಲಿ ಒಬ್ಬ ವಿಜ್ಞಾನಿಯೊಡನೆ ಕೆಲಸಮಾಡಬಹುದು. ಜೀವನನಿರ್ವಹಣೆಗೆ ವೇತನವೂ ದೊರೆಯುತ್ತದೆ. ಅಧ್ಯಾಪಕರಿಗೂ ಇದರಲ್ಲಿ ಅವಕಾಶವುಂಟು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿಯೂ ಇಂತಹುದೇ ಬೇಸಗೆಯ ಶಿಷ್ಯವೇತನವಿದೆ. ಪ್ರೌಢಶಾಲೆಯ ಒಂಬತ್ತನೆಯ ತರಗತಿಯವರಿಗೆ ಇಸ್ರೋ ಸಂಸ್ಥೆಯು 2019ರಲ್ಲಿ ಪ್ರಾರಂಭಿಸಿದ ‘ಯುವಿಕಾ’ ಎಂಬ ಎರಡು ವಾರಗಳ ಶಿಬಿರವುಂಟು. ಗ್ರಾಮ ಪಂಚಾಯಿತಿಯ ವ್ಯಾಪ್ತಿಯ ಶಾಲೆಯಲ್ಲಿ ಓದುವವರಿಗೆ ಅದರ ಆಯ್ಕೆಯಲ್ಲಿ ಪ್ರತ್ಯೇಕ ಅಂಕಗಳಿವೆ. ನಮ್ಮ ಹಳ್ಳಿಯ ಶಾಲೆಗಳವರು ಗಮನಿಸತಕ್ಕ ಮಾತಿದು.

ಎಚ್ಚರಿಕೆಯ ಮಾತೊಂದು. ಅಂತರಿಕ್ಷದ ಹೆಸರು ಹೇಳಿ, ಹಣ ಕಟ್ಟಿಸಿಕೊಂಡು, ನಾಲ್ಕು ಉಪನ್ಯಾಸ ಕೇಳಿಸಿ ಪ್ರಮಾಣಪತ್ರ ಕೊಟ್ಟು ಕಳುಹಿಸುವವರೂ ಇದ್ದಾರೆ. ಒಳ್ಳೆಯ ಶಿಕ್ಷಣವನ್ನು ಗುರುತಿಸುವುದು ಕಷ್ಟವಲ್ಲ: ಅಲ್ಲಿ ವಿದ್ಯಾರ್ಥಿಯ ಕೈಗೆ ಒಂದು ಪ್ರಶ್ನೆಯೂ ಒಂದು ಟಿಪ್ಪಣಿ ಪುಸ್ತಕವೂ ಬರುತ್ತವೆ; ವಿದ್ಯಾರ್ಥಿಯ ಜೇಬಿಗೆ ಕೈಹಾಕುವವರು ಇರುವುದಿಲ್ಲ.

ನಮ್ಮ ಪ್ರಯೋಗಶಾಲೆಯಲ್ಲಿಯೇ

ಆಯ್ಕೆಯಾಗುವವರು ಕೆಲವರೇ. ಉಳಿದವರು ಏನು ಮಾಡಬೇಕು? ತಾಲ್ಲೂಕಿನ ಕಾಲೇಜಿನಲ್ಲಿಯೇ ಎರಡು ವಾರಗಳ ಬೇಸಗೆಯ ಕೆಲಸವೊಂದನ್ನು ನಡೆಸಬಹುದು. ಅದರ ವಿವರ ಹೀಗೆ.

ಸುಮಾರು 60 ಸೆಂಟಿಮೀಟರು ಉದ್ದದ ಹಲಗೆಯೊಂದನ್ನು ನಡುವೆ ಕೀಲಿಟ್ಟು ಅಡ್ಡಲಾಗಿ ತಿರುಗುವಂತೆ ಮಾಡಿ. ನಿಮಿಷಕ್ಕೆ 60 ಸುತ್ತು ತಿರುಗುವ, ಹಲ್ಲುಚಕ್ರ ಜೋಡಿಸಿದ ಸಣ್ಣ ಮೋಟಾರುಗಳು ಈಗ ಸುಲಭವಾಗಿ ದೊರೆಯುತ್ತವೆ. 12 ವೋಲ್ಟಿನ ಬ್ಯಾಟರಿಯಿಂದ ನಡೆಸಿದರೆ ಕರೆಂಟು ಹೋದಾಗ ಪ್ರಯೋಗ ನಿಲ್ಲುವ ಭಯವಿಲ್ಲ. ನಡುವಿನಿಂದ 25 ಸೆಂಟಿಮೀಟರು ದೂರದಲ್ಲಿ, ಎರಡು ತುದಿಗಳಲ್ಲಿಯೂ ಸಮತೂಕದ ಎರಡು ಮುಚ್ಚಿದ ಪೆಟ್ಟಿಗೆಗಳನ್ನು ಬಿಗಿಯಾಗಿ ಕಟ್ಟಿ. ಒಳಗೆ ಒದ್ದೆಯ ಹತ್ತಿಯ ಮೇಲೆ ನೆನೆಸಿದ ಹೆಸರುಕಾಳುಗಳಿರಲಿ. ಸೆಕೆಂಡಿಗೆ ಒಂದು ಸುತ್ತಾದರೆ ಅಲ್ಲಿ ಹೊರಮುಖವಾದ ವೇಗೋತ್ಕರ್ಷ 9.87, ಹೆಚ್ಚುಕಡಿಮೆ ಗುರುತ್ವದಷ್ಟೇ. ಬೇರು 45 ಡಿಗ್ರಿ ವಾಲಬೇಕು. ಹನ್ನೆರಡೂವರೆ ಸೆಂಟಿಮೀಟರು ದೂರದಲ್ಲಿ ಇನ್ನೆರಡು ಪೆಟ್ಟಿಗೆಗಳಿದ್ದರೆ ಅಲ್ಲಿ ವಾಲಿಕೆ 27 ಡಿಗ್ರಿಯ ಸುಮಾರು ಇರಬೇಕು. ಈ ಅಂಕಿಗಳನ್ನು ಕಾಳು ಮೊಳೆಯುವ ಮುಂಚೆಯೇ ಪುಸ್ತಕದಲ್ಲಿ ಬರೆದಿಡತಕ್ಕದ್ದು, ಅಳತೆ ಆಮೇಲೆ.

ಈಗ ಹೋಲಿಕೆಯ ವಿಚಾರ. ಪಕ್ಕದ ಮೇಜಿನ ಮೇಲೆ ಅಲುಗಾಡದ ಪೆಟ್ಟಿಗೆಯೊಂದು ಬೇಕೆಂದು ಎಲ್ಲರಿಗೂ ಹೊಳೆಯುತ್ತದೆ. ಆದರೆ ಬೇರು ವಾಲಿದುದು ಮೋಟಾರಿನ ನಡುಕದಿಂದ ಎಂದು ಯಾರಾದರೂ ಆಕ್ಷೇಪಿಸಿದರೆ? ಅದಕ್ಕೆ ಉತ್ತರವಾಗಿ ಹಲಗೆಯ ನಟ್ಟನಡುವೆ, ಕೀಲಿನ ಮೇಲೆಯೇ, ಮತ್ತೊಂದು ಚಿಕ್ಕ ಪೆಟ್ಟಿಗೆಯಿರಲಿ. ಅದು ಉಳಿದವುಗಳಂತೆಯೇ ನಡುಗುತ್ತದೆ, ಉಳಿದವುಗಳಷ್ಟೇ ಸುತ್ತು ತಿರುಗುತ್ತದೆ. ಆದರೆ ನಡುವಿನಿಂದ 2 ಸೆಂಟಿಮೀಟರಿನೊಳಗಿರುವ ಕಾಳಿನ ಮೇಲೆ ಹೊರಮುಖದ ಎಳೆತ ಗುರುತ್ವದ 12ರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಲ್ಲಿಯ ಬೇರುಗಳು ನೇರವಾಗಿ ಇಳಿದು, ಅಂಚಿನವು ವಾಲಿದರೆ, ನಡುಕದ ಆಕ್ಷೇಪ ಬಿದ್ದುಹೋಗುತ್ತದೆ. ಇಂತಹ ಒಂದು ಪೆಟ್ಟಿಗೆಯನ್ನು ತಾನಾಗಿ ಯೋಚಿಸಿ ಇಟ್ಟ ವಿದ್ಯಾರ್ಥಿ ಸಂಶೋಧನೆಯ ಮೊದಲ ಮೆಟ್ಟಿಲನ್ನು ಹತ್ತಿದಂತೆ.

ಸೂಕ್ಷ್ಮಗುರುತ್ವವನ್ನು ಅನುಕರಿಸಲು ಇನ್ನೊಂದು ಸಲಕರಣೆ ಇದೆ, ಹೆಸರು ಕ್ಲಿನೊಸ್ಟ್ಯಾಟ್. ಮೊಳಕೆಯನ್ನು ಅಡ್ಡವಾದ ಅಚ್ಚಿಗೆ ಕಟ್ಟಿ ನಿಮಿಷಕ್ಕೆ ಒಂದೆರಡು ಸುತ್ತಿನಂತೆ ಮೆಲ್ಲಗೆ ತಿರುಗಿಸಿದರೆ, ಪಿಷ್ಟದ ಕಣಗಳು ಯಾವ ಮಗ್ಗುಲಲ್ಲಿಯೂ ನೆಲೆಗೊಳ್ಳಲಾರವು. ಬೇರಿಗೆ ‘ಕೆಳಗೆ’ ಎಂಬುದೇ ಗೊತ್ತಾಗದೆ ಅದು ಇದ್ದ ದಿಕ್ಕಿನಲ್ಲಿಯೇ ಬೆಳೆಯುತ್ತದೆ. ಆದರೆ ಗುರುತ್ವ ಇಲ್ಲಿ ಇಲ್ಲವಾಗಿಲ್ಲ. ಅದರ ದಿಕ್ಕು ಮಾತ್ರ ಸರಾಸರಿಯಲ್ಲಿ ಅಳಿಸಿಹೋಗಿದೆ. ಈ ಭೇದವನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಎಣಿಕೆಯ ವಿಚಾರವೂ ಮುಖ್ಯ. ಹತ್ತು ಕಾಳಿನಲ್ಲಿ ಇಲ್ಲಿ ಎಂಟು, ಅಲ್ಲಿ ಆರು ಮೊಳೆತರೆ ಏನೂ ಸಿದ್ಧವಾಗದು. ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿ, ಮತ್ತೆ ಹತ್ತು ಸಲ ಚಿಮ್ಮಿ ನೋಡಿದರೆ ಅಷ್ಟು ವ್ಯತ್ಯಾಸ ತಾನಾಗಿಯೇ ಬರುವುದು ಕಾಣುತ್ತದೆ. ಪ್ರತಿ ಗುಂಪಿನಲ್ಲಿ 50 ಕಾಳಾದರೂ ಇರಬೇಕು. ಒಂದೇ ಚೀಲದ ಕಾಳುಗಳನ್ನು ಕಣ್ಣುಮುಚ್ಚಿ ಹಂಚಬೇಕು. ಕೋನ ಅಳೆಯುವವರಿಗೆ ಯಾವ ಪೆಟ್ಟಿಗೆಯ ಕಾಳೆಂಬುದು ತಿಳಿಯದಂತಿದ್ದರೆ ಇನ್ನೂ ಉತ್ತಮ. ಮೋಟಾರು ನಿಂತುಹೋದ ಗಂಟೆ, ಹತ್ತಿ ಒಣಗಿದ ದಿನ, ಬೂಷ್ಟು ಹಿಡಿದ ಕಾಳು ಇವನ್ನೆಲ್ಲ ಮರೆಮಾಚದೆ ಬರೆದಿಡಬೇಕು. ಏಪ್ರಿಲ್–ಮೇ ತಿಂಗಳಿನ ನಮ್ಮ ಬಿಸಿಲಿನಲ್ಲಿ ಕೊಠಡಿಯ ಉಷ್ಣತೆಯನ್ನು ದಿನಕ್ಕೆ ನಾಲ್ಕು ಬಾರಿ ಬರೆಯದಿದ್ದರೆ ಪ್ರಯೋಗವೇ ವ್ಯರ್ಥವಾದೀತು.

ಇಷ್ಟು ಕೈವಶವಾದ ಬಳಿಕ ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಗಳತ್ತ ತಿರುಗಬಹುದು. ನಮ್ಮ ಹೊಲಗಳಲ್ಲಿ ಬಿತ್ತುವ ನವಣೆ, ಸಜ್ಜೆ, ಜೋಳದ ತಳಿಗಳ ಬೇರುಗಳು ಒಂದೇ ಬಲಕ್ಕೆ ಒಂದೇ ವೇಗದಿಂದ ಬಾಗುತ್ತವೆಯೇ? ಹೆತ್ತಜ್ಜಿ ಗಡಿಗೆಯಲ್ಲಿ ಉಳಿಸಿದ ಬೀಜಕ್ಕೂ ಅಂಗಡಿಯಿಂದ ತಂದ ಬೀಜಕ್ಕೂ ವ್ಯತ್ಯಾಸವುಂಟೇ? ಒಂದು ಮಗ್ಗುಲಲ್ಲಿ ತೇವ, ಕೆಳಗೆ ಗುರುತ್ವ, ಎರಡೂ ಎಳೆದಾಗ ಬಾಯಾರಿದ ಬೇರು ಯಾವುದನ್ನು ಪಾಲಿಸುತ್ತದೆ? ಬೀಜಗಳು ಇಲ್ಲಿಯೇ ಇವೆ, ಅಳೆಯುವವರು ಬೇಕು.

ಅಡ್ಡಿಗಳು

ನಮ್ಮ ಐದು ತಾಲ್ಲೂಕುಗಳ ವಿದ್ಯಾರ್ಥಿಗಳು ಈ ಶಿಕ್ಷಣಗಳಿಂದ ದೂರವುಳಿಯಲು ಬುದ್ಧಿಯ ಕೊರತೆ ಕಾರಣವಲ್ಲ. ಬೇಸಗೆಯ ಶಿಷ್ಯವೇತನಗಳಿಗೆ ಅರ್ಜಿ ಹಾಕುವ ಕಾಲ ಹಲವು ತಿಂಗಳು ಮೊದಲೇ, ಚಳಿಗಾಲದ ಸುಮಾರಿಗೆ, ಬಂದುಹೋಗಿರುತ್ತದೆ. ಮಾರ್ಚಿಯಲ್ಲಿ ವಿಚಾರಿಸಿದವನಿಗೆ ಮುಂದಿನ ವರ್ಷವೇ ಗತಿ. ಅರ್ಜಿಯೊಡನೆ ಅಧ್ಯಾಪಕರ ಪತ್ರವೊಂದು ಬೇಕು. ವಿದ್ಯಾರ್ಥಿಯನ್ನು ಪ್ರಯೋಗಶಾಲೆಯಲ್ಲಿ ಕಂಡೇ ಇರದ ಅಧ್ಯಾಪಕರು ಏನೆಂದು ಬರೆದಾರು? ಸೆಮಿಸ್ಟರಿನ ಪರೀಕ್ಷೆಗಳು ಹಿಂದುಮುಂದಾಗಿ ಬೇಸಗೆಯ ಮೇಲೆಯೇ ಬಿದ್ದು, ಆಯ್ಕೆಯಾದವರೂ ಹೋಗಲಾರದೆ ಉಳಿಯುವುದುಂಟು. ಮನೆಯಲ್ಲಿ ಹೊಲದ ಕೆಲಸವಿರುತ್ತದೆ. ಹೆಣ್ಣುಮಕ್ಕಳನ್ನು ಎರಡು ತಿಂಗಳು ದೂರದ ಊರಿಗೆ ಕಳುಹಿಸಲು ತಂದೆತಾಯಿಗಳು ಹಿಂಜರಿಯುತ್ತಾರೆ. ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಅಳುಕು ಇವೆಲ್ಲಕ್ಕಿಂತ ದೊಡ್ಡದು.

ಇವುಗಳಲ್ಲಿ ಕೆಲವನ್ನು ಸರ್ಕಾರವೂ ವಿಶ್ವವಿದ್ಯಾನಿಲಯಗಳೂ ಸರಿಪಡಿಸಬೇಕು. ಉಳಿದವು ನಮ್ಮ ಕೈಯಲ್ಲಿಯೇ ಇವೆ. ಅಧ್ಯಾಪಕರು ಸೆಪ್ಟೆಂಬರಿನಲ್ಲಿಯೇ ಪ್ರಕಟಣೆಗಳನ್ನು ಹುಡುಕಿ ಸೂಚನಾಫಲಕದಲ್ಲಿ ಹಾಕಬಹುದು. ಅರ್ಜಿಯ ಬರಹವನ್ನು ಮೊದಲು ಕನ್ನಡದಲ್ಲಿ ಬರೆಯಿಸಿ, ವಿಚಾರ ತಿಳಿಯಾದ ಮೇಲೆ ಇಂಗ್ಲಿಷಿಗೆ ತಿರುಗಿಸಲು ನೆರವಾಗಬಹುದು. ತಂದೆತಾಯಿಗಳನ್ನು ಕರೆದು, ವಸತಿಯ ಏರ್ಪಾಡು ಹೇಗಿದೆಯೆಂದು ಎದುರಿನಲ್ಲಿಯೇ ತಿಳಿಸಿದರೆ ಅರ್ಧ ಭಯ ಹೋಗುತ್ತದೆ. ವಿದ್ಯಾರ್ಥಿಗಳ ಪಾಲಿನದು ಇನ್ನೂ ಸುಲಭ. ಈ ವರ್ಷದ ದೀಪಾವಳಿಯ ರಜೆಯಲ್ಲಿಯೇ ಮೇಲೆ ಹೇಳಿದ ಹಲಗೆಯನ್ನು ಸಿದ್ಧಪಡಿಸಿ, 50 ಕಾಳುಗಳ ಕೋನಗಳನ್ನು ಅಳೆದು, ಅಂಕಿಗಳನ್ನು ತಿದ್ದದೆ ಬರೆದಿಡಿ. ‘ನೀವು ಈವರೆಗೆ ಏನು ಮಾಡಿದ್ದೀರಿ?’ ಎಂದು ಅರ್ಜಿಯಲ್ಲಿ ಕೇಳಿದಾಗ ತೋರಿಸಲು ಆ ಪುಸ್ತಕವೇ ಸಾಕು. ಧಾರವಾಡ ನಮ್ಮ ಭಾಗದಿಂದ ಒಂದು ಹಗಲಿನ ಬಸ್ಸಿನ ಪ್ರಯಾಣದೊಳಗಿದೆ. ಅಲ್ಲಿಂದ ಹೊರಟ ಹೆಸರುಕಾಳು ಅಂತರಿಕ್ಷವನ್ನು ಮುಟ್ಟಿ ಬಂದಿದೆ.